ಕಾಣಿಕೆ ಬೆಲೆಯಾದ ದಿನ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂಬ ಗಾದೆಗೆ ಚರಿತ್ರೆಯಲ್ಲಿ ನಿದರ್ಶನಗಳು ಹಲವು. ಅವುಗಳಲ್ಲಿ ಯಾವ ಮುಚ್ಚುಮರೆಯೂ ಇಲ್ಲದ ಒಂದು ನಿದರ್ಶನ ಕ್ರಿ.ಶ. 193ರ ಮಾರ್ಚ್ 28ರಂದು ರೋಮ್ ನಗರದಲ್ಲಿ ಕಂಡುಬಂದಿತು. ಸಾಮ್ರಾಟನನ್ನು ಕಾಯಬೇಕಾದ ಸೈನಿಕರೇ ಅಂದು ಅವನನ್ನು ಅರಮನೆಯೊಳಗೆ ಕೊಂದರು. ಕೊಂದು ತಮ್ಮ ಶಿಬಿರಕ್ಕೆ ಮರಳಿದರು. ಬಳಿಕ ಆ ಶಿಬಿರದ ಗೋಡೆಯ ಒಳಗೊಬ್ಬ, ಹೊರಗೊಬ್ಬ ನಿಂತು, ಬ್ರಿಟನ್ನಿನಿಂದ ಯೂಫ್ರಟಿಸ್ ನದಿಯವರೆಗೆ ಹಬ್ಬಿದ್ದ ಸಾಮ್ರಾಜ್ಯಕ್ಕೆ ಸವಾಲು ಕೂಗಿದರು. ಹೆಚ್ಚು ಕೂಗಿದವನಿಗೆ ಪಟ್ಟ ದಕ್ಕಿತು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಒಬ್ಬ ಧನಿಕನ ಅವಿವೇಕದ ಕಥೆಯೆಂದೋ ಸೈನಿಕರ ದುರಾಸೆಯ ಕಥೆಯೆಂದೋ ಹೇಳಿ ಮುಗಿಸುವುದುಂಟು. ಅವಿವೇಕ, ದುರಾಸೆ ಎರಡೂ ಅಲ್ಲಿ ಇದ್ದವೆಂಬುದು ನಿಜ. ಆದರೆ ಅವು ಎಲ್ಲ ಕಾಲದಲ್ಲಿಯೂ ಎಲ್ಲ ದೇಶಗಳಲ್ಲಿಯೂ ಇರತಕ್ಕವು. ರಾಜ್ಯಗಳು ಮಾತ್ರ ದಿನವೂ ಹರಾಜಾಗುವುದಿಲ್ಲ. ಅಂದಿನ ಕೂಗಿಗೆ ಸುಮಾರು ಇನ್ನೂರು ವರ್ಷಗಳಿಂದ ನೆಲ ಹದಗೊಳ್ಳುತ್ತ ಬಂದಿತ್ತು.

ರೋಮನ್ನರು ತಮ್ಮ ಕೊನೆಯ ಅರಸನನ್ನು ಓಡಿಸಿದ ಮೇಲೆ ‘ಅರಸು’ ಎಂಬ ಶಬ್ದವನ್ನೇ ದ್ವೇಷಿಸಿದವರು. ಆದುದರಿಂದ ಕ್ರಿ.ಪೂ. 27ರಲ್ಲಿ ಸರ್ವಾಧಿಕಾರವನ್ನು ಕೈಗೆ ತೆಗೆದುಕೊಂಡ ಆಗಸ್ಟಸ್ ತನ್ನನ್ನು ಅರಸನೆಂದು ಕರೆದುಕೊಳ್ಳಲಿಲ್ಲ. ಪ್ರಜೆಗಳಲ್ಲಿ ತಾನು ಮೊದಲಿಗ, ಅಷ್ಟೇ ಎಂದನು. ಸೇನೆಯ ಆಧಿಪತ್ಯ, ಪ್ರಾಂತಗಳ ಆಡಳಿತ, ಜನಪ್ರತಿನಿಧಿಯ ಹಕ್ಕು ಎಂಬ ಬೇರೆ ಬೇರೆ ಅಧಿಕಾರಗಳನ್ನು ಸೆನೆಟ್ ಸಭೆಯಿಂದ ಪಡೆದು ಒಂದೇ ಕಟ್ಟಾಗಿ ಕಟ್ಟಿಕೊಂಡನು. ಉಪಾಯವು ಅವನ ಮಟ್ಟಿಗೆ ಫಲಿಸಿತು. ಆದರೆ ಅದರ ಗರ್ಭದಲ್ಲಿಯೇ ಒಂದು ದೋಷ ಉಳಿಯಿತು. ಮನೆಮಾರು, ಹೊಲಗದ್ದೆಗಳಿಗೆ ವಾರಸುದಾರರಿರಬಹುದು. ಸಭೆ ಕೊಟ್ಟ ಅಧಿಕಾರಕ್ಕೆ ವಾರಸುದಾರನೆಲ್ಲಿ? ಅರಸೊತ್ತಿಗೆಯೇ ಇಲ್ಲವೆಂದ ಮೇಲೆ ಅರಸನ ಬಳಿಕ ಯಾರು ಎಂಬುದಕ್ಕೆ ಕಾನೂನು ಇರುವುದೂ ಸಾಧ್ಯವಿರಲಿಲ್ಲ. ಮಗನಿಗೋ ದತ್ತುಪುತ್ರನಿಗೋ ಪಟ್ಟ ಹೋಗುವುದು ರೂಢಿಯಾಯಿತೇ ಹೊರತು ಶಾಸನವಾಗಲಿಲ್ಲ. ಪ್ರತಿಯೊಬ್ಬ ಸಾಮ್ರಾಟನ ಮರಣದೊಡನೆ ಒಂದು ಶೂನ್ಯ ತೆರೆದುಕೊಳ್ಳುತ್ತಿತ್ತು.

ಆ ಶೂನ್ಯಕ್ಕೆ ಅತಿ ಸಮೀಪದಲ್ಲಿ ನಿಂತಿದ್ದವರು ಪ್ರಿಟೋರಿಯನ್ ಕಾವಲುಪಡೆಯವರು. ಸಾಮ್ರಾಜ್ಯದ ದೊಡ್ಡ ಸೈನ್ಯಗಳು ರೈನ್, ಡ್ಯಾನ್ಯೂಬ್, ಯೂಫ್ರಟಿಸ್ ನದಿಗಳ ದೂರದ ಗಡಿಗಳಲ್ಲಿದ್ದವು. ರಾಜಧಾನಿಯ ಬಳಿ ಪ್ರಬಲವಾದ ಶಸ್ತ್ರಬಲವೆಂದರೆ ಈ ಪಡೆಯೊಂದೇ. ಆಗಸ್ಟಸ್ ಕಟ್ಟಿದ ಇದನ್ನು ಅವನ ಉತ್ತರಾಧಿಕಾರಿ ಟೈಬೀರಿಯಸನ ಕಾಲದಲ್ಲಿ, ಸೆಜಾನಸ್ ಎಂಬ ದಳಪತಿಯು ನಗರದ ಅಂಚಿನ ಒಂದೇ ಕೋಟೆಶಿಬಿರಕ್ಕೆ ತಂದು ನೆಲೆಗೊಳಿಸಿದನು. ಒಂದೇ ಗೋಡೆಯೊಳಗೆ ಸೇರಿದ ಸೈನಿಕರಿಗೆ ತಮ್ಮ ಬಲದ ಅರಿವಾಗಲು ಹೆಚ್ಚು ಕಾಲ ಹಿಡಿಯಲಿಲ್ಲ.

ಕ್ರಿ.ಶ. 41ರಲ್ಲಿ ಕಾವಲುಪಡೆಯ ಅಧಿಕಾರಿಗಳೇ ಕಲಿಗುಲನನ್ನು ಕೊಂದರು. ಇನ್ನು ಸಾಮ್ರಾಟರೇ ಬೇಡ, ಹಳೆಯ ಗಣರಾಜ್ಯವೇ ಮರಳಲಿ ಎಂಬ ಮಾತು ಸೆನೆಟ್ ಸಭೆಯಲ್ಲಿ ಎದ್ದಿತು. ಚರ್ಚೆ ಇನ್ನೂ ನಡೆಯುತ್ತಿರುವಾಗಲೇ, ಅರಮನೆಯ ಪರದೆಯ ಹಿಂದೆ ನಡುಗುತ್ತ ಅಡಗಿದ್ದ ಕ್ಲಾಡಿಯಸನನ್ನು ಸೈನಿಕನೊಬ್ಬ ಹೊರಗೆಳೆದನು. ಅವನನ್ನು ಶಿಬಿರಕ್ಕೆ ಹೊತ್ತೊಯ್ದು ಸಾಮ್ರಾಟನೆಂದು ಘೋಷಿಸಲಾಯಿತು. ಕ್ಲಾಡಿಯಸ್ ಪ್ರತಿಯೊಬ್ಬ ಸೈನಿಕನಿಗೂ 15,000 ಸೆಸ್ಟರ್ಸ್ ಕೊಡುವುದಾಗಿ ಮಾತಿತ್ತನು. ಸಭೆಯ ಚರ್ಚೆ ಅಲ್ಲಿಗೆ ನಿಂತಿತು. ಅಂದಿನಿಂದ ಪಟ್ಟವೇರುವವನು ಕಾವಲುಪಡೆಗೆ ಕಾಣಿಕೆ ಸಲ್ಲಿಸುವುದು ಸಂಪ್ರದಾಯವಾಯಿತು. ಕ್ರಿ.ಶ. 161ರಲ್ಲಿ, ತತ್ತ್ವಜ್ಞಾನಿಯೆಂದು ಹೆಸರಾದ ಮಾರ್ಕಸ್ ಆರೇಲಿಯಸನು ತನ್ನ ಸಹಸಾಮ್ರಾಟನೊಡನೆ ಪಟ್ಟಕ್ಕೆ ಬಂದಾಗಲೂ ತಲೆಗೆ 20,000 ಸೆಸ್ಟರ್ಸ್ ಸಂದಿತು. ಪಟ್ಟ ಯಾರಿಗೆಂಬುದು ಮೊದಲೇ ಇತ್ಯರ್ಥವಾಗಿತ್ತು. ಹಣ ಅದರ ಹಿಂದೆ ಬಂದಿತು. ಆದುದರಿಂದ ಅದನ್ನು ಯಾರೂ ಲಂಚವೆನ್ನಲಿಲ್ಲ.

ನರ್ವ, ಟ್ರಾಜನ್, ಹೇಡ್ರಿಯನ್, ಆಂಟೊನೈನಸ್ ಎಂಬ ನಾಲ್ವರು ಒಬ್ಬರಾದ ಮೇಲೊಬ್ಬರು ಯೋಗ್ಯನೊಬ್ಬನನ್ನು ದತ್ತು ತೆಗೆದುಕೊಂಡು ಪಟ್ಟ ಒಪ್ಪಿಸಿದುದರಿಂದ, ಕ್ರಿ.ಶ. 96ರಿಂದ ಸುಮಾರು ಎಂಟು ದಶಕಗಳ ಕಾಲ ಈ ದೋಷ ಮರೆಯಾಗಿತ್ತು. ಇದನ್ನು ರೋಮನ್ನರ ವಿವೇಕವೆಂದು ಹೊಗಳುವವರು ಒಂದು ಸಂಗತಿಯನ್ನು ಮರೆಯಬಾರದು. ಆ ನಾಲ್ವರಿಗೂ ಬದುಕುಳಿದ ಗಂಡುಮಕ್ಕಳಿರಲಿಲ್ಲ. ಮಾರ್ಕಸ್ ಆರೇಲಿಯಸನಿಗೆ ಮಗನಿದ್ದನು, ಕ್ರಿ.ಶ. 180ರಲ್ಲಿ ಪಟ್ಟ ಮಗನಿಗೇ ಹೋಯಿತು. ಅವನೇ ಕೊಮೋಡಸ್.

ಕೊಮೋಡಸನ ಹುಚ್ಚಾಟಗಳನ್ನು ಕಣ್ಣಾರೆ ಕಂಡು ಬರೆದಿಟ್ಟವನು ಡಿಯೋ ಕ್ಯಾಸಿಯಸ್ ಎಂಬ ಸೆನೆಟ್ ಸದಸ್ಯ. ಸಾಮ್ರಾಟನು ತನ್ನನ್ನು ಹರ್ಕ್ಯುಲಿಸನೆಂದು ಕರೆಸಿಕೊಂಡನು; ರೋಮ್ ನಗರಕ್ಕೆ ತನ್ನ ಹೆಸರಿಟ್ಟನು; ವರ್ಷದ ತಿಂಗಳುಗಳಿಗೂ ತನ್ನ ಬಿರುದುಗಳನ್ನೇ ಹಂಚಿದನು; ಗ್ಲಾಡಿಯೇಟರ್ ವೇಷ ತೊಟ್ಟು ಜನರೆದುರು ಅಖಾಡಕ್ಕಿಳಿದನು. ಒಮ್ಮೆ ಉಷ್ಟ್ರಪಕ್ಷಿಯೊಂದನ್ನು ಕೊಂದು, ಅದರ ತಲೆಯನ್ನು ಎಡಗೈಯಲ್ಲಿ, ರಕ್ತಸಿಕ್ತ ಕತ್ತಿಯನ್ನು ಬಲಗೈಯಲ್ಲಿ ಹಿಡಿದು ಸೆನೆಟ್ ಸದಸ್ಯರ ಸಾಲಿನ ಬಳಿಗೆ ಬಂದನು. ಮಾತಾಡದೆ ಹಲ್ಲುಕಿರಿದು ತಲೆಯಲ್ಲಾಡಿಸಿದನು. ನಿಮಗೂ ಇದೇ ಗತಿ ಎಂಬುದು ಅದರ ಅರ್ಥ. ಅವರಿಗೆ ಭಯಕ್ಕಿಂತ ನಗೆಯೇ ಮೊದಲು ಬಂದಿತು; ನಕ್ಕರೆ ತಲೆ ಹೋಗುತ್ತಿತ್ತು. ಡಿಯೋ ತನ್ನ ತಲೆಯ ಮಾಲೆಯಿಂದ ಲಾರೆಲ್ ಎಲೆಗಳನ್ನು ಕಿತ್ತು ಬಾಯಲ್ಲಿಟ್ಟು ಅಗಿಯತೊಡಗಿದನು. ಪಕ್ಕದವರಿಗೂ ಹಾಗೆಯೇ ಮಾಡಲು ಸೂಚಿಸಿದನು. ಸಾಮ್ರಾಜ್ಯದ ಹಿರಿಯರ ಸಭೆ ಎಲೆ ಅಗಿಯುತ್ತ ಪ್ರಾಣ ಉಳಿಸಿಕೊಂಡಿತು. ಮುಂದಿನ ವರ್ಷ ನಡೆದುದನ್ನು ತಿಳಿಯಲು ಈ ಚಿತ್ರವನ್ನು ನೆನಪಿಟ್ಟುಕೊಳ್ಳುವುದು ಅವಶ್ಯ.

ಕೊಮೋಡಸನ ಅಂತ್ಯ ಬಂದುದು ಅರಮನೆಯೊಳಗಿನಿಂದಲೇ. ಕಾವಲುಪಡೆಯ ದಳಪತಿ ಲೀಟಸ್, ಅರಮನೆಯ ಊಳಿಗದ ಮುಖ್ಯಸ್ಥ ಎಕ್ಲೆಕ್ಟಸ್, ಉಪಪತ್ನಿ ಮಾರ್ಸಿಯಾ ಈ ಮೂವರೂ ತಮ್ಮ ಪ್ರಾಣಕ್ಕೆ ಅಂಜಿದ್ದರು. 193ರ ಜನವರಿ 1ರಂದು ಸಾಮ್ರಾಟನು ಗ್ಲಾಡಿಯೇಟರ್ ವೇಷದಲ್ಲಿಯೇ ಕಾನ್ಸಲ್ ಪದವಿ ಸ್ವೀಕರಿಸಲು ಹೊರಡುವವನಿದ್ದನು. ಹಿಂದಿನ ರಾತ್ರಿ, 192ರ ಡಿಸೆಂಬರ್ 31ರಂದು, ಮಾರ್ಸಿಯಾ ಅವನಿಗೆ ವಿಷವುಣಿಸಿದಳು. ವಿಷವು ವಾಂತಿಯಾಗಿ ಹೊರಬಿದ್ದಿತು. ಆಗ ನಾರ್ಸಿಸಸ್ ಎಂಬ ಮಲ್ಲನನ್ನು ಒಳಗೆ ಕಳುಹಿಸಿ ಕತ್ತು ಹಿಸುಕಿಸಿದರು.

ಕೊಂದವರ ಮುಂದೆ ಆ ರಾತ್ರಿ ನಿಂತ ಪ್ರಶ್ನೆ ಕಲಿಗುಲನ ಕಾಲದ್ದೇ ಆಗಿತ್ತು: ಇನ್ನು ಯಾರು? ಅವರು ನೇರವಾಗಿ ಪರ್ಟಿನಾಕ್ಸನ ಮನೆಗೆ ನಡೆದರು. ಬಿಡುಗಡೆ ಹೊಂದಿದ ಗುಲಾಮನೊಬ್ಬನ ಮಗ ಅವನು. ಮೊದಲು ಮಕ್ಕಳಿಗೆ ವ್ಯಾಕರಣ ಕಲಿಸುವ ಉಪಾಧ್ಯಾಯನಾಗಿದ್ದು, ಆ ಸಂಪಾದನೆ ಸಾಲದೆ ಸೈನ್ಯ ಸೇರಿ, ಒಂದೊಂದೇ ಮೆಟ್ಟಿಲು ಹತ್ತಿ ಬ್ರಿಟನ್ನಿನ, ಆಫ್ರಿಕದ ರಾಜ್ಯಪಾಲನಾಗಿ, ಆಗ ರೋಮಿನ ನಗರಪಾಲಕನಾಗಿದ್ದನು. ವಯಸ್ಸು 66. ಅಪರಾತ್ರಿಯಲ್ಲಿ ಕಾವಲುಪಡೆಯ ದಳಪತಿ ಬಾಗಿಲಿಗೆ ಬಂದುದನ್ನು ಕಂಡು ತನ್ನನ್ನು ಕೊಲ್ಲಲೆಂದೇ ಬಂದನೆಂದು ಪರ್ಟಿನಾಕ್ಸ್ ಭಾವಿಸಿದನು. ಪಟ್ಟ ನಿನಗೆ ಎಂದಾಗ ಅವನು ನಂಬಲಿಲ್ಲ; ಆಪ್ತನೊಬ್ಬನನ್ನು ಕಳುಹಿಸಿ ಕೊಮೋಡಸನ ಹೆಣವನ್ನು ನೋಡಿಸಿದ ಮೇಲೆಯೇ ಹೊರಟನು. ಹೊರಟುದು ಸೆನೆಟ್ ಸಭೆಗಲ್ಲ, ಮೊದಲು ಕಾವಲುಪಡೆಯ ಶಿಬಿರಕ್ಕೆ. ಅಲ್ಲಿ ತಲೆಗೆ 12,000 ಸೆಸ್ಟರ್ಸ್ ಕೊಡುವ ಮಾತಾಯಿತು. ಸಭೆಯ ಒಪ್ಪಿಗೆ ಅನಂತರದ್ದು.

ಹೊಸ ಸಾಮ್ರಾಟನು ಬೊಕ್ಕಸವನ್ನು ತೆರೆಸಿ ನೋಡಿದಾಗ ಅದರಲ್ಲಿ ಇದ್ದುದು 10 ಲಕ್ಷ ಸೆಸ್ಟರ್ಸ್ ಮಾತ್ರ. ಮಾತುಕೊಟ್ಟ ಲೆಕ್ಕದಲ್ಲಿ ಅದು 83 ಸೈನಿಕರಿಗೆ ಸಾಲುವಷ್ಟು. ಶಿಬಿರದಲ್ಲಿದ್ದವರು ಹಲವು ಸಾವಿರ. ಪರ್ಟಿನಾಕ್ಸ್ ಕೊಮೋಡಸನ ವಿಲಾಸವಸ್ತುಗಳನ್ನು, ರಥಗಳನ್ನು, ಆಯುಧಗಳನ್ನು, ಕುದುರೆಗಳನ್ನು ಹರಾಜು ಹಾಕಿ ಹಣ ಕೂಡಿಸಿದನು. ನಾಣ್ಯದ ಬೆಳ್ಳಿಯ ಪ್ರಮಾಣವನ್ನು ಏರಿಸಿದನು. ಪಾಳು ಬಿದ್ದ ಭೂಮಿಯನ್ನು ಉಳುವವನಿಗೆ ಕೊಟ್ಟು ಹತ್ತು ವರ್ಷ ತೆರಿಗೆ ಬಿಟ್ಟನೆಂದು ಹೆರೋಡಿಯನ್ ಎಂಬ ಚರಿತ್ರಕಾರ ಬರೆಯುತ್ತಾನೆ. ಅರಮನೆಯ ಆಸ್ತಿಯ ಮೇಲೆ ತನ್ನ ಹೆಸರು ಹಾಕಕೂಡದು, ಅದು ಸಾಮ್ರಾಜ್ಯದ ಸೊತ್ತು ಎಂದನು. ಸೆನೆಟ್ ಸಭೆಯು ಅವನ ಹೆಂಡತಿಗೆ ಆಗಸ್ಟ ಎಂಬ ಬಿರುದನ್ನೂ, ಮಗನಿಗೆ ಯುವರಾಜನ ಸ್ಥಾನವಾದ ಸೀಸರ್ ಪದವಿಯನ್ನೂ ನೀಡಲು ಮುಂದಾದಾಗ ಎರಡನ್ನೂ ನಿರಾಕರಿಸಿದನು. ಸದ್ಗುಣಿಯ ಈ ನಿರಾಕರಣೆಯೇ ಉತ್ತರಾಧಿಕಾರದ ಪ್ರಶ್ನೆಯನ್ನು ಮತ್ತೆ ತೆರೆದಿಟ್ಟಿತು ಎಂಬುದು ಚರಿತ್ರೆಯ ವ್ಯಂಗ್ಯ.

ಸೈನಿಕರಿಗೆ ಈ ಮುದುಕನ ಶಿಸ್ತು ರುಚಿಸಲಿಲ್ಲ. ಕೊಮೋಡಸನ ಕಾಲದಲ್ಲಿ ಅವರು ನಗರದಲ್ಲಿ ಮನಬಂದಂತೆ ನಡೆದವರು. ಬಹುಕಾಲ ಕೆಟ್ಟುದನ್ನು ಅಲ್ಪಕಾಲದಲ್ಲಿ ಸರಿಪಡಿಸಹೊರಟುದೇ ಪರ್ಟಿನಾಕ್ಸನ ತಪ್ಪೆಂದು, ಅವನನ್ನು ಮೆಚ್ಚಿದ ಡಿಯೋನೇ ಹೇಳುತ್ತಾನೆ. ಸಾಮ್ರಾಟನು ಧಾನ್ಯ ಸರಬರಾಜಿನ ವಿಚಾರಣೆಗೆಂದು ಸಮುದ್ರತೀರಕ್ಕೆ ಹೋಗಿದ್ದಾಗ, ಕಾವಲುಪಡೆಯ ಕೆಲವರು ಕಾನ್ಸಲ್ ಫಾಲ್ಕೋನನ್ನು ಪಟ್ಟಕ್ಕೇರಿಸಲು ಹವಣಿಸಿದರು. ಸಂಚು ಬಯಲಾಯಿತು. ಸಭೆ ಫಾಲ್ಕೋನಿಗೆ ಮರಣದಂಡನೆ ವಿಧಿಸಲಿದ್ದಾಗ ಪರ್ಟಿನಾಕ್ಸ್ ತಡೆದನು. ತನ್ನ ಆಳ್ವಿಕೆಯಲ್ಲಿ ಸೆನೆಟ್ ಸದಸ್ಯನೊಬ್ಬ, ಅಪರಾಧಿಯೇ ಆದರೂ, ಕೊಲ್ಲಲ್ಪಡಬಾರದು ಎಂದನು. ಫಾಲ್ಕೋ ಉಳಿದನು. ಆದರೆ ದಳಪತಿ ಲೀಟಸ್ ಇದೇ ನೆಪದಲ್ಲಿ, ಸಾಮ್ರಾಟನ ಅಪ್ಪಣೆಯೆಂದು ಹೇಳಿ, ಹಲವು ಸೈನಿಕರನ್ನು ಕೊಲ್ಲಿಸಿದನು. ಶಿಬಿರ ಹೊತ್ತಿಕೊಂಡಿತು.

ಮಾರ್ಚ್ 28ರಂದು ಸುಮಾರು ಇನ್ನೂರು ಸೈನಿಕರು ಕತ್ತಿ ಹಿರಿದು ಅರಮನೆಗೆ ನುಗ್ಗಿದರು. ಒಳಗಿನ ಊಳಿಗದವರೇ ಅವರಿಗೆ ದಾರಿ ಬಿಟ್ಟರು. ಲೀಟಸ್ ತಲೆಗೆ ಮುಸುಕೆಳೆದುಕೊಂಡು ಬೇರೆ ದಾರಿಯಿಂದ ಮನೆಗೆ ಹೋದನು. ಪರ್ಟಿನಾಕ್ಸನಿಗೆ ಅಡಗಲು, ಓಡಿಹೋಗಲು ಅವಕಾಶವಿತ್ತು. ಅವನು ಹಾಗೆ ಮಾಡದೆ ಸೈನಿಕರೆದುರು ಬಂದು ನಿಂತು ಮಾತಾಡಿದನು. ಉಪಾಧ್ಯಾಯನಾಗಿದ್ದವನ ಆ ಮಾತಿಗೆ ಕ್ಷಣಕಾಲ ಬೆಲೆ ಬಂದಿತು. ಸೈನಿಕರು ನೆಲ ನೋಡಿದರು. ಕತ್ತಿಗಳು ಒರೆಗೆ ಮರಳತೊಡಗಿದವು. ಆಗ ಒಬ್ಬನು ಮುಂದಕ್ಕೆ ಹಾರಿ, ಇದು ಸೈನಿಕರು ನಿನಗೆ ಕಳುಹಿಸಿದ ಕತ್ತಿ ಎಂಬರ್ಥದ ಮಾತಾಡಿ ಇರಿದನು. ಉಳಿದವರೂ ಮುಗಿಬಿದ್ದರು. ಕೊನೆಯವರೆಗೆ ಸಾಮ್ರಾಟನ ಪಕ್ಕದಲ್ಲಿ ನಿಂತು ಹೋರಾಡಿ ಸತ್ತವನು ಎಕ್ಲೆಕ್ಟಸ್ ಒಬ್ಬನೇ. ಕೊಂದವರು ಪರ್ಟಿನಾಕ್ಸನ ತಲೆಯನ್ನು ಈಟಿಗೆ ಸಿಕ್ಕಿಸಿದರು. ಅವನು ಆಳಿದ್ದು 87 ದಿನ.

ಸೈನಿಕರನ್ನು ಸಮಾಧಾನಪಡಿಸಲೆಂದು ಪರ್ಟಿನಾಕ್ಸನು ತನ್ನ ಮಾವನಾದ ಸುಲ್ಪಿಸಿಯಾನಸನನ್ನು ಮೊದಲೇ ಶಿಬಿರಕ್ಕೆ ಕಳುಹಿಸಿದ್ದನು. ಹೊಸ ನಗರಪಾಲಕ ಅವನು. ಅಳಿಯ ಸತ್ತ ಸುದ್ದಿ ಅಲ್ಲಿಗೆ ಮುಟ್ಟಿದಾಗ ಮಾವ ಅಳಲಿಲ್ಲ. ತನಗೇ ಪಟ್ಟ ಕೊಡಿರೆಂದು ಸೈನಿಕರೊಡನೆ ಮಾತಿಗೆ ತೊಡಗಿದನು. ಇದೇ ಹೊತ್ತಿಗೆ ಡಿಡಿಯಸ್ ಜೂಲಿಯಾನಸ್ ಎಂಬ ಧನಿಕನಾದ ಸೆನೆಟ್ ಸದಸ್ಯ ಶಿಬಿರದ ಹೊರಗೆ ಬಂದು ನಿಂತನು. ಅವನೂ ಹಿಂದೆ ಪರ್ಟಿನಾಕ್ಸನೊಡನೆ ಕಾನ್ಸಲ್ ಆಗಿದ್ದವನು. ಆಫ್ರಿಕದಲ್ಲಿ ಅವನ ಬಳಿಕ ರಾಜ್ಯಪಾಲನಾಗಿದ್ದವನು. ಶಿಬಿರದ ಬಾಗಿಲು ತೆರೆಯಲಿಲ್ಲ. ಗೋಡೆಯ ಹೊರಗಿನಿಂದಲೇ ಅವನು ಬೆಲೆ ಕೂಗಿದನು. ಒಳಗಿನವನು ಇಷ್ಟು ಕೊಡುತ್ತಾನೆ, ನೀನೆಷ್ಟು ಕೊಡುವೆ ಎಂದು ಸೈನಿಕರು ಅತ್ತಿತ್ತ ಸುದ್ದಿ ಒಯ್ದರು. ಸುಲ್ಪಿಸಿಯಾನಸ್ ತಲೆಗೆ 20,000 ಸೆಸ್ಟರ್ಸಿಗೆ ಏರಿದಾಗ, ಜೂಲಿಯಾನಸ್ ಒಂದೇ ಸಲಕ್ಕೆ 5,000 ಏರಿಸಿ 25,000 ಎಂದನು. ಗದ್ದಲದಲ್ಲಿ ಕೇಳಿಸದೆ ಹೋದೀತೆಂದು ಕೈಬೆರಳುಗಳಲ್ಲಿಯೂ ತೋರಿಸಿದನು. ಅಳಿಯನ ಕೊಲೆಗೆ ಮಾವ ಸೇಡು ತೀರಿಸಿಕೊಳ್ಳಬಹುದೆಂಬ ಅಂಜಿಕೆಯೂ ಸೈನಿಕರ ಮನಸ್ಸಿನಲ್ಲಿತ್ತು. ವ್ಯಾಪಾರ ಕುದುರಿತು.

25,000 ಸೆಸ್ಟರ್ಸ್ ಎಂದರೆ ಎಷ್ಟು? ಗಡಿಯಲ್ಲಿ ಚಳಿಗಾಳಿಗೆ ಮೈಯೊಡ್ಡಿ ನಿಂತ ಸಾಮಾನ್ಯ ಲೀಜನ್ ಸೈನಿಕನ ವರ್ಷದ ಸಂಬಳ ಆ ಕಾಲಕ್ಕೆ 1,200 ಸೆಸ್ಟರ್ಸ್. ಅವನು ಇಪ್ಪತ್ತು ವರ್ಷ ದುಡಿದು ಪಡೆಯುವುದಕ್ಕಿಂತ ಹೆಚ್ಚಿನ ಹಣ ರಾಜಧಾನಿಯ ಕಾವಲುಗಾರನಿಗೆ ಒಂದು ಸಂಜೆಯ ಕೂಗಿನಲ್ಲಿ ನಿಗದಿಯಾಯಿತು. ಆದರೂ ಮಾರ್ಕಸ್ ಆರೇಲಿಯಸನ ಕಾಲದ 20,000ಕ್ಕೆ ಹೋಲಿಸಿದರೆ ಏರಿಕೆಯಾದುದು ಕಾಲುಪಾಲು ಮಾತ್ರ. ಹೀಗಿರುವಾಗ ಮಾರ್ಕಸನನ್ನು ಸಂತನೆಂದೂ ಜೂಲಿಯಾನಸನನ್ನು ಪಟ್ಟ ಕೊಂಡವನೆಂದೂ ಚರಿತ್ರೆ ಕರೆದುದೇಕೆ? ವ್ಯತ್ಯಾಸವಿರುವುದು ಮೊತ್ತದಲ್ಲಲ್ಲ, ಕ್ರಮದಲ್ಲಿ. ಮೊದಲು ಪಟ್ಟ, ಆಮೇಲೆ ಹಣ ಎಂದರೆ ಕಾಣಿಕೆ. ಮೊದಲು ಹಣ, ಆಮೇಲೆ ಪಟ್ಟ ಎಂದರೆ ಬೆಲೆ. ಇವೆರಡರ ನಡುವಿನ ಗೆರೆ ತೆಳುವಾದುದೆಂಬುದನ್ನು ಕ್ಲಾಡಿಯಸನ ಕಾಲದಿಂದಲೂ ಎಲ್ಲರೂ ಅರಿತಿದ್ದರು; ಬಾಯಿಬಿಟ್ಟು ಹೇಳಿರಲಿಲ್ಲ. ಆ ಸಂಜೆ ಗೋಡೆಯ ಬಳಿ ಅದು ಬೆರಳೆಣಿಕೆಯಲ್ಲಿ ಬಹಿರಂಗವಾಯಿತು.

ಅಂದಿನ ಸಂಜೆ ಸೆನೆಟ್ ಸದಸ್ಯರು ಏನು ಮಾಡಿದರು? ಡಿಯೋ ಇಲ್ಲಿಯೂ ಸಾಕ್ಷಿ. ನ್ಯಾಯಾಲಯದಲ್ಲಿ ವಕೀಲನಾಗಿ ಅವನು ಜೂಲಿಯಾನಸನ ತಪ್ಪುಗಳನ್ನು ಹಲವು ಸಲ ಎತ್ತಿ ತೋರಿಸಿದ್ದನು. ಪರ್ಟಿನಾಕ್ಸನಿಂದ ಗೌರವ ಪಡೆದವನೂ ಆಗಿದ್ದನು. ಮನೆಯಲ್ಲಿಯೇ ಉಳಿದರೆ ಸಂಶಯಕ್ಕೆ ಎಡೆಯಾಗುತ್ತದೆಂದು ಅವನೂ ಅವನಂಥವರೂ ಎಂದಿನಂತೆ ಸ್ನಾನ ಮಾಡಿ, ಊಟ ಮುಗಿಸಿ, ಕತ್ತಿ ಹಿಡಿದ ಸೈನಿಕರ ನಡುವೆ ದಾರಿ ಮಾಡಿಕೊಂಡು ಸಭೆಗೆ ಹೋದರು. ಹೊಸ ಸಾಮ್ರಾಟನ ಭಾಷಣವನ್ನು ಕೇಳಿದರು. ಅವನಿಗೆ ಅಧಿಕಾರವನ್ನು ಕೊಟ್ಟರು. ಅಖಾಡದಲ್ಲಿ ಎಲೆ ಅಗಿದ ಸಭೆಯಿಂದ ಬೇರೇನನ್ನು ನಿರೀಕ್ಷಿಸಬಹುದಿತ್ತು? ನಗೆಯನ್ನು ನುಂಗಲು ಕಲಿತವರಿಗೆ ಪ್ರತಿಭಟನೆಯನ್ನು ನುಂಗುವುದು ಕಷ್ಟವಾಗಲಿಲ್ಲ. ಮಾತಾಡಿದವರು ಬೀದಿಯ ಜನ. ಮರುದಿನ ಜೂಲಿಯಾನಸ್ ಹೊರಗೆ ಕಾಣಿಸಿಕೊಂಡಾಗ ಅವರು ಸಾಮ್ರಾಜ್ಯವನ್ನು ಕದ್ದವನೆಂದು ಅವನನ್ನು ನಿಂದಿಸಿದರು, ಕಲ್ಲು ತೂರಿದರು. ಹಣ ಹಂಚುತ್ತೇನೆಂದರೆ ಬೇಡವೆಂದು ಕೂಗಿದರು. ಬಳಿಕ ರಥಸ್ಪರ್ಧೆಯ ಬಯಲಿನಲ್ಲಿ ನೆರೆದು, ಸಿರಿಯಾ ಪ್ರಾಂತದ ಸೇನಾಪತಿ ಪೆಸೆನ್ನಿಯಸ್ ನೈಜರನು ಬಂದು ತಮ್ಮನ್ನು ಕಾಪಾಡಬೇಕೆಂದು ಮೊರೆಯಿಟ್ಟರು. ಸೈನಿಕರ ಒಮ್ಮತವನ್ನು ಕೊಂಡಾಡುವ ಬರಹದೊಡನೆ ಹೊಸ ಸಾಮ್ರಾಟನ ನಾಣ್ಯಗಳು ಅದೇ ಕಾಲದಲ್ಲಿ ಟಂಕಸಾಲೆಯಿಂದ ಹೊರಬಿದ್ದವು.

ಗಡಿಯ ಸೈನ್ಯಗಳು ಈ ಸುದ್ದಿಯನ್ನು ಕೇಳಿ ಸುಮ್ಮನಿರಲಿಲ್ಲ. ರಾಜಧಾನಿಯ ಕಾವಲುಗಾರರು ಸಾಮ್ರಾಟನನ್ನು ಮಾಡಬಹುದಾದರೆ, ಶತ್ರುಗಳೊಡನೆ ನಿಜವಾಗಿ ಕಾದಾಡುವ ತಾವೇಕೆ ಮಾಡಬಾರದು? ಸಿರಿಯಾದಲ್ಲಿ ನೈಜರನನ್ನು ಅವನ ಸೈನಿಕರು ಸಾಮ್ರಾಟನೆಂದು ಘೋಷಿಸಿದರು. ಬ್ರಿಟನ್ನಿನಲ್ಲಿ ಕ್ಲೋಡಿಯಸ್ ಆಲ್ಬಿನಸನಿಗೆ ಬಲವಾದ ಸೈನ್ಯವಿತ್ತು. ಡ್ಯಾನ್ಯೂಬ್ ನದಿಯ ದಂಡೆಯ ಕಾರ್ನಂಟಮ್ ಎಂಬಲ್ಲಿ, ಏಪ್ರಿಲ್ 9ರಂದು, ಸೆಪ್ಟಿಮಿಯಸ್ ಸೆವೆರಸನಿಗೆ ಲೀಜನ್ನುಗಳ ಜಯಕಾರ ಸಿಕ್ಕಿತು. ಈಗಿನ ಲಿಬಿಯಾ ದೇಶದ ಲೆಪ್ಟಿಸ್ ಮ್ಯಾಗ್ನಾ ನಗರದಲ್ಲಿ ಹುಟ್ಟಿದ ಸೆವೆರಸ್ ಮೂವರಲ್ಲಿ ಚತುರನೂ ರೋಮಿಗೆ ಎಲ್ಲರಿಗಿಂತ ಸಮೀಪದಲ್ಲಿದ್ದವನೂ ಆಗಿದ್ದನು. ಆಲ್ಬಿನಸನಿಗೆ ಸೀಸರ್ ಪದವಿಯ ಆಸೆ ತೋರಿಸಿ ಬೆನ್ನಿನ ಕಡೆಯನ್ನು ಭದ್ರಪಡಿಸಿಕೊಂಡನು. ಸತ್ತ ಪರ್ಟಿನಾಕ್ಸನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡನು. ಕೊಲೆಯಾದ ಸಜ್ಜನನ ಸೇಡು ತೀರಿಸುವವನೆಂಬ ಬಾವುಟ ಹಿಡಿದು ಇಟಲಿಯತ್ತ ನಡೆದನು. ಹಗಲಿರುಳು ಅವನನ್ನು ಸುತ್ತುವರಿದಿದ್ದ ಆರುನೂರು ಮಂದಿ ರೋಮನ್ನು ಮುಟ್ಟುವವರೆಗೆ ಎದೆಗವಚ ಕಳಚಲಿಲ್ಲ.

ಜೂಲಿಯಾನಸನ ಸಿದ್ಧತೆಗಳನ್ನು ಕಂಡು ಸೆನೆಟ್ ಸದಸ್ಯರು ನಕ್ಕರೆಂದು ಡಿಯೋ ಬರೆಯುತ್ತಾನೆ. ಸುಖಕ್ಕೆ ಒಗ್ಗಿದ ಕಾವಲುಪಡೆಯವರಿಗೆ ಕಂದಕ ತೋಡುವುದು ಮರೆತುಹೋಗಿತ್ತು. ಹಡಗುಗಳಿಂದ ಕರೆತಂದ ನಾವಿಕರಿಗೆ ಕವಾಯತು ತಿಳಿಯದು. ಪ್ರದರ್ಶನದ ಆನೆಗಳ ಬೆನ್ನಿಗೆ ಗೋಪುರ ಕಟ್ಟಿದರೆ ಅವು ಗೋಪುರವನ್ನೂ ಹೊರಲಿಲ್ಲ, ಮಾವುತನನ್ನೂ ಹೊರಲಿಲ್ಲ. ಅರಮನೆಗೆ ಗಟ್ಟಿಯಾದ ಬಾಗಿಲುಗಳನ್ನೂ ಸರಳುಗಳನ್ನೂ ಹಾಕಿಸಲಾಯಿತು. ಪರ್ಟಿನಾಕ್ಸ್ ಬಾಗಿಲು ಹಾಕಿಕೊಂಡಿದ್ದರೆ ಸಾಯುತ್ತಿರಲಿಲ್ಲವೆಂದು ಜೂಲಿಯಾನಸ್ ನಂಬಿದ್ದನಂತೆ. ಲೀಟಸನನ್ನೂ ಮಾರ್ಸಿಯಾಳನ್ನೂ ಅವನು ಕೊಲ್ಲಿಸಿದನು. ಸೆವೆರಸನನ್ನು ಮೊದಲು ದೇಶದ್ರೋಹಿಯೆಂದು ಸಭೆಯಿಂದ ಘೋಷಿಸಿ, ಅನಂತರ ಅವನನ್ನೇ ಸಹಸಾಮ್ರಾಟನನ್ನಾಗಿ ಮಾಡುವಂತೆ ಅದೇ ಸಭೆಯನ್ನು ಬೇಡಿದನು.

ಸೆವೆರಸನಿಗೆ ಯುದ್ಧ ಬೇಕಾಗಲಿಲ್ಲ, ಒಂದು ಪತ್ರ ಸಾಕಾಯಿತು. ಪರ್ಟಿನಾಕ್ಸನ ಕೊಲೆಗಾರರನ್ನು ಒಪ್ಪಿಸಿ ಶಾಂತರಾಗಿದ್ದರೆ ಉಳಿದವರಿಗೆ ತೊಂದರೆಯಿಲ್ಲವೆಂದು ಕಾವಲುಪಡೆಗೆ ಅವನು ಬರೆದನು. ಕಾವಲುಪಡೆ ತನ್ನವರನ್ನೇ ಹಿಡಿದು ಕಟ್ಟಿ, ಕಾನ್ಸಲನಿಗೆ ತಿಳಿಸಿತು. ಸಭೆ ಕೂಡಿ ಜೂಲಿಯಾನಸನಿಗೆ ಮರಣದಂಡನೆಯನ್ನು, ಸೆವೆರಸನಿಗೆ ಪಟ್ಟವನ್ನು, ಪರ್ಟಿನಾಕ್ಸನಿಗೆ ದೈವತ್ವವನ್ನು ವಿಧಿಸಿತು. ಅರಮನೆಯಲ್ಲಿ ಒಂಟಿಯಾಗಿ ಸಿಕ್ಕಿದ ಜೂಲಿಯಾನಸ್, ತಾನು ಮಾಡಿದ ಕೇಡೇನು, ಕೊಂದುದು ಯಾರನ್ನು ಎಂದು ಕೇಳುತ್ತ ಸತ್ತನು. ಪಟ್ಟ ಕೊಂಡ 66ನೆಯ ದಿನ ಅದು. ಅವನನ್ನು ಮಾರಿದವರೂ ಅವನಿಗೆ ಮಾರಿದವರೂ ಒಬ್ಬರೇ.

ನಗರದ ಹೊರಗೆ ಸೆವೆರಸ್ ಕಾವಲುಪಡೆಯನ್ನು ನಿರಾಯುಧವಾಗಿ ಬರಹೇಳಿದನು. ಬಂದವರನ್ನು ಅವನ ಲೀಜನ್ನುಗಳು ಸುತ್ತುವರಿದವು. ಕೊಲೆಗಾರರಿಗೆ ಮರಣ; ಉಳಿದವರಿಂದ ಪದವಿಯ ಗುರುತುಗಳನ್ನೂ ಕುದುರೆಗಳನ್ನೂ ಕಿತ್ತುಕೊಂಡು ರೋಮಿನಿಂದ ದೂರ ಅಟ್ಟಲಾಯಿತು. ಒಬ್ಬ ಸೈನಿಕನ ಕುದುರೆ ಎಷ್ಟು ಅಟ್ಟಿದರೂ ಕೆನೆಯುತ್ತ ಅವನ ಹಿಂದೆಯೇ ಹೋಯಿತಂತೆ. ಅವನು ಅದನ್ನೂ ಕೊಂದು ತಾನೂ ಇರಿದುಕೊಂಡು ಸತ್ತನು. ಯಾರಿಗೂ ನಿಷ್ಠರಾಗಿ ಉಳಿಯದ ಆ ಪಡೆಯ ಕಥೆಯಲ್ಲಿ ನಿಷ್ಠೆಗೆ ಉದಾಹರಣೆಯಾಗಿ ಉಳಿದದ್ದು ಒಂದು ಕುದುರೆ.

ಪರ್ಟಿನಾಕ್ಸನಿಗೆ ಸೆವೆರಸ್ ವೈಭವದ ಅಂತ್ಯಕ್ರಿಯೆ ನಡೆಸಿದನು. ಅವನ ಮೇಣದ ಪ್ರತಿಮೆಯನ್ನು ರಾಜೋಡುಪಿನಲ್ಲಿ ಮಲಗಿಸಿ, ನಿದ್ರಿಸುವವನಿಗೆ ಎಂಬಂತೆ ಚೆಲುವ ಹುಡುಗನೊಬ್ಬ ನವಿಲುಗರಿಯಿಂದ ನೊಣ ಓಡಿಸುತ್ತ ನಿಂತಿದ್ದನು. ಚಿತೆಗೆ ಬೆಂಕಿಯಿಟ್ಟಾಗ ಹದ್ದೊಂದು ಮೇಲಕ್ಕೆ ಹಾರಿತು. ನೋಡಿದವರು ಕಣ್ಣೀರಿಟ್ಟರು. ಆದರೆ ಹಳೆಯ ಕಾವಲುಪಡೆಯ ಜಾಗಕ್ಕೆ ಸೆವೆರಸ್ ತನ್ನ ಲೀಜನ್ನುಗಳಿಂದಲೇ ಆರಿಸಿದ ಹೊಸ ಪಡೆಯನ್ನು ತಂದಿದ್ದನು. ಅವನೊಡನೆ ನಗರ ಹೊಕ್ಕ ಸೈನಿಕರು ತಲೆಗೆ 10,000 ಸೆಸ್ಟರ್ಸ್ ಬೇಕೆಂದು ಸೆನೆಟ್ ಸಭೆಯ ಮುಂದೆಯೇ ಗದ್ದಲವೆಬ್ಬಿಸಿದರು. ಹರಾಜು ಮಾಡಿದವರು ಹೋದರು. ಹರಾಜಿನ ಪದ್ಧತಿ ಉಳಿಯಿತು.

ಹರಾಜಿನ ಬೆಲೆ ತೆತ್ತವರು ಅದನ್ನು ಕೂಗಿದವರಲ್ಲ. 194ರಲ್ಲಿ ಇಸ್ಸಸ್ ಬಳಿ ನೈಜರನ ಸೈನ್ಯ ಸೋತಿತು, ಅವನು ಸತ್ತನು. ಅವನ ಪಕ್ಷ ಹಿಡಿದ ಬೈಜಾಂಟಿಯಮ್ ನಗರವು ಸುಮಾರು ಮೂರು ವರ್ಷ ಮುತ್ತಿಗೆಯಲ್ಲಿ ನರಳಿ, ಹಸಿವಿನಿಂದ ಶರಣಾಗಿ, ಕೋಟೆಗೋಡೆಯನ್ನು ಕಳೆದುಕೊಂಡಿತು. ಸೀಸರ್ ಪದವಿ ಹುಸಿಯೆಂದು ಆಲ್ಬಿನಸನಿಗೆ ತಿಳಿಯುವಾಗ ತಡವಾಗಿತ್ತು. 197ರ ಫೆಬ್ರವರಿ 19ರಂದು, ಈಗಿನ ಫ್ರಾನ್ಸಿನ ಲಿಯೋನ್ ನಗರದ ಬಳಿ ಎರಡು ರೋಮನ್ ಸೈನ್ಯಗಳು ಒಂದನ್ನೊಂದು ಕೊಚ್ಚಿಕೊಂಡವು. ಸೆನೆಟ್ ಸದಸ್ಯರನ್ನು ಕೊಲ್ಲೆನೆಂದು ಪ್ರಮಾಣ ಮಾಡಿದ್ದ ಸೆವೆರಸ್ ಆ ಜಯದ ಬಳಿಕ 29 ಸದಸ್ಯರನ್ನು ಕೊಲ್ಲಿಸಿದನು. ಪರ್ಟಿನಾಕ್ಸನ ಹೆಸರು ಹೊತ್ತು ಬಂದವನು ಪರ್ಟಿನಾಕ್ಸನ ಮಾತನ್ನು ಮುರಿದನು. ಸಾಲದೆಂಬಂತೆ ತಾನು ಮಾರ್ಕಸ್ ಆರೇಲಿಯಸನ ಮಗನೆಂದು ಘೋಷಿಸಿಕೊಂಡು, ಹಾಗಾಗಿ ಕೊಮೋಡಸನ ಸಹೋದರನಾಗಿ, ಆ ಕೊಮೋಡಸನಿಗೂ ದೈವತ್ವ ಕೊಡಿಸಿದನು.

ಸೈನಿಕರ ಸಂಬಳ ಏರಿಸಿ, ರೋಮಿನ ಸಮೀಪದಲ್ಲಿಯೇ ಒಂದು ಲೀಜನ್ನನ್ನು ನಿಲ್ಲಿಸಿ ಸೆವೆರಸ್ 18 ವರ್ಷ ಆಳಿದನು. 211ರಲ್ಲಿ ಬ್ರಿಟನ್ನಿನಲ್ಲಿ ಸಾಯುವಾಗ ಇಬ್ಬರು ಮಕ್ಕಳಿಗೆ ಅವನು ಹೇಳಿದ ಬುದ್ಧಿಮಾತಿನ ಸಾರ ಡಿಯೋನಿಂದ ತಿಳಿಯುತ್ತದೆ: ಪರಸ್ಪರ ಹೊಂದಿ ಬಾಳುವುದು, ಸೈನಿಕರನ್ನು ಶ್ರೀಮಂತಗೊಳಿಸುವುದು, ಮಿಕ್ಕವರನ್ನು ಲೆಕ್ಕಿಸದಿರುವುದು. ಮೊದಲನೆಯದನ್ನು ಮಕ್ಕಳು ಒಂದು ವರ್ಷವೂ ಪಾಲಿಸಲಿಲ್ಲ. ಆ ವರ್ಷದ ಕೊನೆಯೊಳಗೆ ಕ್ಯಾರಕಲ್ಲನು ತಮ್ಮನಾದ ಗೇಟನನ್ನು ತಾಯಿಯ ತೋಳಿನಲ್ಲಿಯೇ ಕೊಲ್ಲಿಸಿ, ನೇರವಾಗಿ ಓಡಿದ್ದು ಕಾವಲುಪಡೆಯ ಶಿಬಿರಕ್ಕೆ, ಕೈಯಲ್ಲಿ ಹಣದ ಭರವಸೆ ಹಿಡಿದು. 217ರಲ್ಲಿ ಅವನನ್ನೂ ಕೊಲ್ಲಿಸಿ ಪಟ್ಟವೇರಿದವನು ಕಾವಲುಪಡೆಯ ದಳಪತಿ ಮಾಕ್ರಿನಸ್. 235ರಿಂದ 284ರವರೆಗಿನ ಅರ್ಧ ಶತಮಾನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾಮ್ರಾಟರು ಬಂದುಹೋದರು. ಹಾಸಿಗೆಯಲ್ಲಿ ಸತ್ತವರು ಅಪರೂಪ.

ಕೊಮೋಡಸನಂಥವನನ್ನು ಕೊಂದವರನ್ನು ದೂಷಿಸಲು ಯಾರಿಗೂ ಮನಸ್ಸಾಗದು. ಆದರೆ ಕೆಟ್ಟವನನ್ನು ತೆಗೆಯುವುದಕ್ಕೆ ಒಂದು ರಾತ್ರಿ, ಒಬ್ಬ ಮಲ್ಲ ಸಾಕಾದರು; ಒಳ್ಳೆಯವನನ್ನು ಉಳಿಸಿಕೊಳ್ಳುವುದಕ್ಕೆ ಬೇಕಾದುದು ಆ ನಗರದಲ್ಲಿ ಇರಲಿಲ್ಲ. ಮುಂದೆ ಯಾರು ಎಂಬ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರವನ್ನು, ಯಾರೂ ಸಾಯದ ಹೊತ್ತಿನಲ್ಲಿ, ತಣ್ಣನೆ ಕುಳಿತು ಬರೆದಿಡಬೇಕಾಗುತ್ತದೆ. ರೋಮನ್ನರು ರಸ್ತೆಗೆ, ನೀರಿಗೆ, ಸಾಲಕ್ಕೆ, ಮದುವೆಗೆ, ಉಯಿಲಿಗೆ ಕಾನೂನು ಬರೆದವರು. ಆ ಕಾನೂನುಗಳನ್ನು ಇಂದಿಗೂ ಜಗತ್ತು ಓದುತ್ತದೆ. ಈ ಒಂದು ಪ್ರಶ್ನೆಗೆ ಮಾತ್ರ ಉತ್ತರ ಬರೆಯದೆ ಬಿಟ್ಟರು, ಬರೆಯಹೊರಟರೆ ಅರಸನಿದ್ದಾನೆಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಅವರು ಖಾಲಿ ಬಿಟ್ಟ ಆ ಹಾಳೆಯ ಮೇಲೆ ಶಿಬಿರದ ಸೈನಿಕರು ತಮ್ಮ ಲೆಕ್ಕ ಬರೆದರು: ತಲೆಗೆ 25,000.